ಪುಕ್ಕಟ ಟಿಕೆಟಿನ ಲೆಕ್ಕ

"ಕ್ರೆಡಿಟ್ ಕಾರ್ಡಿನ್ಯಾಗ ಪಾಯಿಂಟ್ ಕೂಡಿಸಿದ್ರ ಟ್ರೇನ್ ಟಿಕೆಟ್ ಪುಕ್ಕಟ ಸಿಗ್ತದಂತಲ್ರಿ, ಖರೇ ಏನು?"

ಭಾಲ್ಕಿಯ ಓದುಗರೊಬ್ಬರ ಪ್ರಶ್ನೆ ಇದು. ಬೆಂಗಳೂರಿನಲ್ಲಿ ಕೆಲಸ, ಊರಿನಲ್ಲಿ ಅಪ್ಪ-ಅವ್ವ, ವರ್ಷಕ್ಕೆ ನಾಲ್ಕೈದು ಸಲ ಓಡಾಟ. ಅದೇ ವಾರ ಔರಾದಿನಿಂದ ಇನ್ನೊಬ್ಬರು ಬರೆದರು: "ಪಾಯಿಂಟ್ ಇವತ್ತ ರಾತ್ರಿಗಿ ಮುಗೀತಾವ, ಲಿಂಕ್ ಒತ್ರಿ ಅಂತ ಮೆಸೇಜ್ ಬಂದದ. ಒತ್ತಲೇನು?"

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಒತ್ತಬೇಡಿ. ಆ ಮೆಸೇಜನ್ನು ಅಳಿಸುವ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಅಷ್ಟೇ.

ಮೊದಲನೆಯ ಪ್ರಶ್ನೆಗೆ ಉತ್ತರ ಉದ್ದ. ಹೌದು, ಸಿಗುತ್ತದೆ. ಆದರೆ ಎಲ್ಲರಿಗೂ ಅಲ್ಲ, ಎಲ್ಲ ಟಿಕೆಟಿಗೂ ಅಲ್ಲ. ಈ ಎರಡು ಪ್ರಶ್ನೆಗಳನ್ನು ಒಂದೇ ಅಂಕಣದಲ್ಲಿ ಸೇರಿಸಿದ್ದಕ್ಕೂ ಕಾರಣವಿದೆ. ಪಾಯಿಂಟು ಕೂಡಿಸುವವರ ಫೋನಿಗೇ ಪಾಯಿಂಟಿನ ಹೆಸರಿನ ಗಾಳ ಬರುವುದು. ಮೀನು ಎಲ್ಲಿದೆಯೋ ಗಾಳವೂ ಅಲ್ಲೇ.

ನಮ್ಮ ಕಡೆಯ ರೈಲಿನ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. 2017ರ ಅಕ್ಟೋಬರ್ 29ರಂದು ಪ್ರಧಾನಿ ಬೀದರಿಗೆ ಬಂದು ಬೀದರ್–ಕಲಬುರಗಿ ಮಾರ್ಗ ಉದ್ಘಾಟಿಸುವ ತನಕ, ಪಕ್ಕದ ಕಲಬುರಗಿಗೆ ರೈಲಿನಲ್ಲಿ ಹೋಗಬೇಕೆಂದರೆ ತೆಲಂಗಾಣದ ವಿಕಾರಾಬಾದ್ ಸುತ್ತಿ, ವಾಡಿ ಮೇಲೆ ಹೋಗಬೇಕಿತ್ತು. ಬರೀ 110 ಕಿಲೋಮೀಟರಿನ ಮಾರ್ಗ, ಅದಕ್ಕೆ ಎಷ್ಟು ವರ್ಷ ಕಾದೆವು ಅಂತ ಊರಿನ ಹಿರಿಯರನ್ನು ಕೇಳಿ, ಒಂದು ತಾಸು ಮಾತಾಡುತ್ತಾರೆ. ಈಗ ಬೀದರಿನಿಂದ ಯಶವಂತಪುರಕ್ಕೆ ರಾತ್ರಿ ಗಾಡಿ ಇದೆ. ಲಾತೂರ್–ಯಶವಂತಪುರ ಗಾಡಿಯೂ ನಾಂದೇಡ್–ಬೆಂಗಳೂರು ಗಾಡಿಯೂ ಭಾಲ್ಕಿ, ಬೀದರ್ ಮೇಲೆಯೇ ಹೋಗುತ್ತವೆ. ಮುಂಬೈಗೆ ಒಂದು, ಹೈದರಾಬಾದಿಗೆ ಇಂಟರ್‌ಸಿಟಿ. ಔರಾದಿಗೆ ಮಾತ್ರ ಇನ್ನೂ ಸ್ಟೇಷನ್ ಇಲ್ಲ. ಬೀದರ್–ನಾಂದೇಡ್ ಹೊಸ ಮಾರ್ಗದ ಮಾತು ವರ್ಷಗಳಿಂದ ನಡೆದೇ ಇದೆ. ಅಲ್ಲಿಯತನಕ ಔರಾದಿನವರು ಬಸ್ಸು ಹತ್ತಿ ಬೀದರಿಗೋ ಭಾಲ್ಕಿಗೋ ಬಂದೇ ಗಾಡಿ ಹಿಡಿಯಬೇಕು. ಆ ಬಸ್ಸಿನ ಟಿಕೆಟಿಗೆ ಯಾವ ಕಾರ್ಡೂ ಪಾಯಿಂಟು ಕೊಡುವುದಿಲ್ಲ ಬಿಡಿ.

ಈಗ ಕಾರ್ಡಿಗೆ ಬರೋಣ. ರೈಲ್ವೆ ಟಿಕೆಟ್ ಮಾರುವ ಐಆರ್‌ಸಿಟಿಸಿ ಸಂಸ್ಥೆಯ ಹೆಸರು ಹೊತ್ತ ಕ್ರೆಡಿಟ್ ಕಾರ್ಡುಗಳು ಹಲವು. ಎಸ್‌ಬಿಐ ಕಾರ್ಡ್ ಜೊತೆಗಿನದು ಹಳೆಯದು. 2020ರ ಜುಲೈನಲ್ಲಿ ಅದು ರೂಪೇ ರೂಪದಲ್ಲೂ ಬಂತು. ಆಮೇಲೆ ಬ್ಯಾಂಕ್ ಆಫ್ ಬರೋಡಾ, ಎಚ್‌ಡಿಎಫ್‌ಸಿ ಕೂಡ ತಂದವು. ಎಲ್ಲವುಗಳ ನಿಯಮ ಬೇರೆ ಬೇರೆ. ಹೆಚ್ಚು ಜನ ಕೇಳುವುದು ಎಸ್‌ಬಿಐದನ್ನೇ, ಹಾಗಾಗಿ ಲೆಕ್ಕ ಅದರದ್ದೇ ಹಾಕುತ್ತೇನೆ. ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಕಂಪನಿಯ ಪಟ್ಟಿ ತೆಗೆದು ನೋಡುವುದು ನಿಮ್ಮ ಕೆಲಸ.

ಸಾದಾ ಕಾರ್ಡಿನ ಮೊದಲ ವರ್ಷದ ಶುಲ್ಕ 500 ರೂಪಾಯಿ. ಜಿಎಸ್‌ಟಿ ಸೇರಿ 590. ಮುಂದಿನ ವರ್ಷಗಳಿಗೆ 300, ಜಿಎಸ್‌ಟಿ ಸೇರಿ 354. ಐಆರ್‌ಸಿಟಿಸಿಯಲ್ಲಿ ಎಸಿ ದರ್ಜೆಯ ಟಿಕೆಟ್ ತೆಗೆದರೆ, ಅಂದರೆ ಫಸ್ಟ್ ಎಸಿ, ಸೆಕೆಂಡ್ ಎಸಿ, ಥರ್ಡ್ ಎಸಿ, ಎಸಿ ಚೇರ್ ಕಾರ್ ಇಂಥವಕ್ಕೆ, ನೂರು ರೂಪಾಯಿಗೆ 10 ಪಾಯಿಂಟು. ಒಂದು ಪಾಯಿಂಟು ಅಂದರೆ ಒಂದು ರೂಪಾಯಿ. ಉಳಿದ ಖರೀದಿಗೆ 125 ರೂಪಾಯಿಗೆ ಒಂದೇ ಪಾಯಿಂಟು. ಕಾರ್ಡಿನಿಂದ ಟಿಕೆಟ್ ತೆಗೆದಾಗ ಬೀಳುವ ಶೇಕಡಾ 1ರ ವಹಿವಾಟು ಶುಲ್ಕವೂ ಮಾಫಿ.

ಕೂಡಿದ ಪಾಯಿಂಟನ್ನು ಐಆರ್‌ಸಿಟಿಸಿ ಖಾತೆಗೆ ಜೋಡಿಸಿಕೊಂಡು, ಅಲ್ಲೇ ಟಿಕೆಟ್ ತೆಗೆಯುವಾಗ ಖರ್ಚು ಮಾಡಬಹುದು. ಇದೇ "ಪುಕ್ಕಟ".

ಥರ್ಡ್ ಎಸಿಗೆ ಲೆಕ್ಕದ ಸಲುವಾಗಿ ಸಾವಿರ ರೂಪಾಯಿ ಅಂತ ಇಟ್ಟುಕೊಳ್ಳಿ. ಗಂಡ-ಹೆಂಡತಿ, ಎರಡು ಮಕ್ಕಳು, ಎಲ್ಲರಿಗೂ ಪೂರಾ ಟಿಕೆಟ್, ಹೋಗಿ ಬರುವುದು: ಎಂಟು ಸಾವಿರ. ಪಾಯಿಂಟು 800. ಮೊದಲ ವರ್ಷದ ಶುಲ್ಕ 590 ಕಳೆದರೆ ಕೈಯಲ್ಲಿ ಉಳಿದದ್ದು 210. ಅಂದರೆ ವರ್ಷಕ್ಕೆ ಒಂದೇ ಸಲ ದೀಪಾವಳಿಗೆ ಬರುವ ಮನೆಗೆ ಈ ಕಾರ್ಡಿನಿಂದ ಸಿಗುವುದು ಬೀದರ್ ಸ್ಟೇಷನ್ನಿನಿಂದ ಮನೆತನಕ ಆಟೋ ಖರ್ಚು. ವರ್ಷಕ್ಕೆ ಮೂರು ಸಲ ಬಂದರೆ 2,400 ಪಾಯಿಂಟು, ಶುಲ್ಕ ಕಳೆದು 1,810. ಆಗ ಒಂದು ಟಿಕೆಟ್ ಖರೇನೇ ಪುಕ್ಕಟ, ಎರಡನೆಯದಕ್ಕೂ ಮುಕ್ಕಾಲು ಪಾಲು.

ಸ್ಲೀಪರಿನಲ್ಲಿ ಓಡಾಡುವವರೇ? ನೂರಕ್ಕೆ ಹತ್ತರ ಲೆಕ್ಕ ನಿಮಗಿಲ್ಲ. 125ಕ್ಕೆ ಒಂದರ ಲೆಕ್ಕದಲ್ಲಿ ಸಾವಿರ ಪಾಯಿಂಟು ಕೂಡಬೇಕೆಂದರೆ 1,25,000 ರೂಪಾಯಿ ಖರ್ಚು ಮಾಡಬೇಕು. ನಮ್ಮ ಜಿಲ್ಲೆಯ ಹೆಚ್ಚಿನ ಮಂದಿ ಸ್ಲೀಪರಿನವರು, ಇಲ್ಲ ಜನರಲ್ಲಿನವರು. ಅವರಿಗೆ ಈ ಕಾರ್ಡ್ ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಪಾಯಿಂಟಿನ ಆಸೆಗೆ ಸ್ಲೀಪರ್ ಬಿಟ್ಟು ಎಸಿ ಹತ್ತುವುದಂತೂ, ನೂರು ರೂಪಾಯಿ ಉಳಿಸಲು ಆರುನೂರು ಹೆಚ್ಚು ಕೊಟ್ಟಂತೆ. ಮೈಗೆ ಸುಖ ಬೇಕು ಅಂತ ಎಸಿ ಹತ್ತಿದರೆ ಅದು ಬೇರೆ ಮಾತು, ನನ್ನ ತಕರಾರಿಲ್ಲ.

ಇನ್ನೊಂದು ಸಣ್ಣ ಲೆಕ್ಕ. ಐಆರ್‌ಸಿಟಿಸಿ ಪ್ರತಿ ಆನ್‌ಲೈನ್ ಟಿಕೆಟಿಗೆ ಅನುಕೂಲ ಶುಲ್ಕ ಅಂತ ತೆಗೆದುಕೊಳ್ಳುತ್ತದಲ್ಲ, ಕಾರ್ಡ್ ಮುಂತಾದವುಗಳಲ್ಲಿ ಕಟ್ಟಿದರೆ ಎಸಿಗೆ 30, ಸ್ಲೀಪರಿಗೆ 15. ಯುಪಿಐಯಲ್ಲಿ ಕಟ್ಟಿದರೆ 20 ಮತ್ತು 10. ಮೇಲೆ ಜಿಎಸ್‌ಟಿ. ಸ್ಲೀಪರಿನವರಿಗೆ ಯುಪಿಐಯೇ ಸೋವಿ.

ಕಾರ್ಡಿನ ಜೊತೆ ರೈಲ್ವೆ ಲಾಂಜಿನಲ್ಲಿ ಕೂಡುವ ಸೌಲಭ್ಯವೂ ಬರುತ್ತದೆ, ಆಯ್ದ ದೊಡ್ಡ ಸ್ಟೇಷನ್ನುಗಳಲ್ಲಿ. ಭಾಲ್ಕಿಯಲ್ಲಿ ಗಾಡಿಗೆ ಕಾಯುವವರಿಗೆ ಪ್ಲಾಟ್‌ಫಾರ್ಮಿನ ಬೆಂಚೇ ಲಾಂಜು.

ಈ ಲೆಕ್ಕವೆಲ್ಲ ನಿಲ್ಲುವುದು ಒಂದೇ ಕಂಬದ ಮೇಲೆ: ಬಿಲ್ಲನ್ನು ಪೂರ್ತಿ, ಗಡುವಿನೊಳಗೆ ಕಟ್ಟಬೇಕು. ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ. ಒಂದು ಒಟ್ಟು ಬಾಕಿ, ಇನ್ನೊಂದು ಕನಿಷ್ಠ ಬಾಕಿ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಕನಿಷ್ಠ ಬಾಕಿ ಕಟ್ಟಿ "ಬಿಲ್ ಕಟ್ಟಿದೆ" ಅಂದುಕೊಳ್ಳುತ್ತಾರೆ. 20,000ದ ಬಿಲ್ಲಿಗೆ ಒಂದು ಸಾವಿರ ಕಟ್ಟಿದಿರಿ ಅನ್ನಿ. ಉಳಿದ 19,000ಕ್ಕೆ ತಿಂಗಳಿಗೆ ಶೇಕಡಾ 3.5 ಬಡ್ಡಿ ಹಿಡಿದರೂ 665 ರೂಪಾಯಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 785ರ ಸುಮಾರು. ನಾಲ್ಕು ಜನ ಬೆಂಗಳೂರಿಗೆ ಹೋಗಿ ಬಂದು ಗಳಿಸಿದ 800 ಪಾಯಿಂಟು ಒಂದೇ ತಿಂಗಳಲ್ಲಿ ಮುಗೀತು. ಅಷ್ಟೇ ಅಲ್ಲ, ಬಾಕಿ ಉಳಿಸಿಕೊಂಡರೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರಂತೂ ಬಡ್ಡಿಯಿಲ್ಲದ ದಿನ ಒಂದೂ ಸಿಗುವುದಿಲ್ಲ. ವರ್ಷಕ್ಕೆ ಶೇಕಡಾ 42ರ ಬಡ್ಡಿ! ಊರಿನ ಸಾಹುಕಾರನಿಗೆ ಬೈಯುತ್ತೇವೆ, ಇದಕ್ಕೆ ಮಾತ್ರ ಸ್ವೈಪ್ ಮಾಡಿ ಥ್ಯಾಂಕ್ಸ್ ಹೇಳುತ್ತೇವೆ. ಬ್ಯಾಂಕ್ ಖಾತೆಯಿಂದ ಒಟ್ಟು ಬಾಕಿ ತಾನೇ ಕಟ್ಟಿಕೊಳ್ಳುವ ಆಟೋ-ಪೇ ಹಾಕಿಡಿ. ಸಂಬಳದ ತಾರೀಖಿನ ಆಮೇಲೆ ಗಡುವು ಬರುವಂತೆ ಬಿಲ್ ದಿನ ಬದಲಿಸಿಕೊಳ್ಳಲೂ ಬರುತ್ತದೆ, ಕೇಳಿ.

ಪಾಯಿಂಟಿನ ಹುಚ್ಚು ಹತ್ತಿದವರು ಇನ್ನೊಂದು ಉಪಾಯ ಮಾಡುತ್ತಾರೆ. "ನಮ್ಮ ಓಣಿಯವರದ್ದೆಲ್ಲ ನನ್ನ ಕಾರ್ಡಿನ್ಯಾಗ ತೆಗಸ್ತೀನಿ, ಅವರು ನನಗ ಫೋನ್‌ಪೇ ಮಾಡ್ತಾರ, ಪಾಯಿಂಟ್ ನನಗ. ಮ್ಯಾಲ ಐವತ್ತು ರೂಪಾಯಿ ಚಹಾಕ್ಕ." ಈ ಕೊನೆಯ ಐವತ್ತು ರೂಪಾಯಿಯೇ ಕುತ್ತು. ಸ್ವಂತ ಐಡಿಯಿಂದ ಬಂಧು-ಬಳಗಕ್ಕೆ, ಗೆಳೆಯರಿಗೆ ಟಿಕೆಟ್ ತೆಗೆದು ಕೊಡಬಹುದು. ಇದನ್ನು ಐಆರ್‌ಸಿಟಿಸಿ 2024ರ ಜೂನ್‌ನಲ್ಲಿ ಸ್ಪಷ್ಟಪಡಿಸಿದೆ. ಆದರೆ ಹಣ ತಗೊಂಡು ಮಾರಿದರೆ ಅದು 1989ರ ರೈಲ್ವೆ ಕಾಯ್ದೆಯ 143ನೇ ಕಲಂ ಪ್ರಕಾರ ಅಪರಾಧ. ಮೂರು ವರ್ಷದತನಕ ಜೈಲು, ಇಲ್ಲ ಹತ್ತು ಸಾವಿರದತನಕ ದಂಡ, ಇಲ್ಲ ಎರಡೂ. ಒಂದು ಐಡಿಗೆ ತಿಂಗಳಿಗೆ ಹನ್ನೆರಡು ಟಿಕೆಟ್, ಆಧಾರ್ ಜೋಡಿಸಿದರೆ ಇಪ್ಪತ್ತನಾಲ್ಕು ಎಂಬ ಮಿತಿಯೂ ಇದೆ. ಅಮರೇಶ್ವರ ಜಾತ್ರೆಗೆ ಬೆಂಗಳೂರಿನಿಂದ ಬರುವ ಗೆಳೆಯರ ಟಿಕೆಟ್ ಒಟ್ಟಿಗೆ ತೆಗೆದರೆ ಯಾರೂ ಏನೂ ಅನ್ನುವುದಿಲ್ಲ. ಅಂಗಡಿ ಇಟ್ಟರೆ ಆರ್‌ಪಿಎಫ್‌ನವರು ಬರುತ್ತಾರೆ.

ಇನ್ನು ಕಳ್ಳರ ವಿಷಯ.

2025ರ ಜನವರಿ 16ರಂದು ಬೀದರಿನಲ್ಲಿ ಹಾಡಹಗಲೇ ಎಟಿಎಂಗೆ ಹಣ ಒಯ್ಯುವ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ ಪೆಟ್ಟಿಗೆ ಹೊತ್ತೊಯ್ದರು. ಒಂದು ಜೀವ ಹೋಯಿತು. ಇಡೀ ರಾಜ್ಯ ಬೀದರಿನ ಕಡೆ ನೋಡಿತು. ಅವತ್ತಿನಿಂದ ನಗದು ಕಂಡರೆ ನಮಗೆಲ್ಲ ಹೆದರಿಕೆ. ಫೋನಿನೊಳಗೆ ಆಗುವ ಕಳವಿಗೆ ಸದ್ದೇ ಇಲ್ಲ, ಹಾಗಾಗಿ ಹೆದರಿಕೆಯೂ ಕಮ್ಮಿ.

ನನ್ನ ಸೋದರಮಾವ ಔರಾದಿನವರು, ನಿವೃತ್ತ ಮಾಸ್ತರು. ಬೆಂಗಳೂರಿನ ಮಗ ಹೇಳಿ ಮಾವನ ಹೆಸರಲ್ಲೇ ಒಂದು ಕಾರ್ಡ್ ಮಾಡಿಸಿದ. ವಯಸ್ಸಾದವರು ಸ್ಲೀಪರಿನಲ್ಲಿ ಒದ್ದಾಡುವುದು ಬೇಡ, ಎಸಿಯಲ್ಲಿ ಬರಲಿ, ಹಂಗೇ ಪಾಯಿಂಟೂ ಕೂಡಲಿ ಅಂತ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿದ್ದು ಮಾವನಿಗೆ ಇವತ್ತಿಗೂ ಬೇಸರ. ಹಾಗಾಗಿ ಪಾಯಿಂಟಿನ ಮೇಲೆ ಅವರಿಗೆ ವಿಶೇಷ ಪ್ರೀತಿ. ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದರು, 2,140 ಆಗಿದ್ದವು.

ಒಂದು ಸಂಜೆ ವಾಟ್ಸಾಪಿಗೆ ಮೆಸೇಜು. ಮೇಲೆ ಬ್ಯಾಂಕಿನ ಚಿಹ್ನೆ. "ನಿಮ್ಮ ರಿವಾರ್ಡ್ ಪಾಯಿಂಟ್ ಇಂದು ಮುಗಿಯಲಿವೆ." ಕೆಳಗೆ ಒಂದು ಫೈಲು. ಮಾವ ಒತ್ತಿದರು. ಅದು ಎಪಿಕೆ, ಅಂದರೆ ಪ್ಲೇ ಸ್ಟೋರಿನ ಹೊರಗಿನಿಂದ ನೇರ ಫೋನಿಗೆ ಬಂದು ಕೂಡುವ ಆ್ಯಪು. "ಮೆಸೇಜ್ ಓದಲು ಅನುಮತಿ ಕೊಡಿ" ಅಂತ ಕೇಳಿತು, ಕೊಟ್ಟರು. ಕಾರ್ಡಿನ ಸಂಖ್ಯೆ, ಅವಧಿ, ಹಿಂದಿನ ಮೂರು ಅಂಕಿ ಕೇಳಿತು, ತುಂಬಿದರು. ಓಟಿಪಿ ಮಾತ್ರ ಯಾರಿಗೂ ಹೇಳಲಿಲ್ಲ, "ಓಟಿಪಿ ಹೇಳಬಾರದು" ಅಂತ ಅವರಿಗೆ ಚೆನ್ನಾಗಿ ಗೊತ್ತು. ಹೇಳುವ ಅಗತ್ಯವೇ ಇರಲಿಲ್ಲ. ಮೆಸೇಜ್ ಓದುವ ಅನುಮತಿ ಪಡೆದ ಆ್ಯಪು ಓಟಿಪಿಯನ್ನು ತಾನೇ ಓದಿ ಆ ಕಡೆಯವನಿಗೆ ಕಳಿಸುತ್ತದೆ.

ಸಂಜೆ ಆರಕ್ಕೆ ಹತ್ತು ನಿಮಿಷವಿದ್ದಾಗ 17,400 ಹೋಯಿತು. ಮಾವನಿಗೆ ಗೊತ್ತಾಯಿತು. ಗೊತ್ತಾಗಿಯೂ ಸುಮ್ಮನಿದ್ದರು. ಮಗನಿಗೆ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ. ಊಟ ಬೇಡ ಅಂತ ಮಲಗಿದರು. ರಾತ್ರಿ ಹತ್ತೂವರೆಗೆ ಇನ್ನೊಮ್ಮೆ 28,600 ಹೋಯಿತು. ಬೆಳಿಗ್ಗೆ ಅತ್ತೆ ಫೋನ್ ಮಾಡಿ ನನಗೆ ಕೊಟ್ಟರು. ಮಾವ ಅಂದದ್ದು ಒಂದೇ ಮಾತು: "ನಾ ಮಾಸ್ತರ್ ಇದ್ದಾಂವ. ನಾಕ್ ಮಂದಿಗಿ ಬುದ್ಧಿ ಹೇಳಿದಾಂವ. ನನಗ ಹಿಂಗ ಆಯ್ತಂತ ಯಾರ ಮುಂದ ಹೇಳ್ಲಿ?"

ನಾನು ಇದನ್ನು ಬರೆಯುತ್ತಿರುವುದು ಆ ನಾಲ್ಕೂವರೆ ತಾಸಿನ ಸಲುವಾಗಿ. ಮೊದಲನೆಯ ಕಳವು ಲಿಂಕ್ ಒತ್ತಿದ್ದಕ್ಕೆ ಆಯಿತು. ಎರಡನೆಯದು ಆದದ್ದು ಮರ್ಯಾದೆಗೆ ಅಂಜಿ. ಆರು ಗಂಟೆಗೇ ಕಾರ್ಡ್ ಬಂದ್ ಮಾಡಿಸಿದ್ದರೆ 28,600 ಉಳಿಯುತ್ತಿತ್ತು.

ಕಾಯ್ದೆ-ನಿಯಮವೂ ಅದನ್ನೇ ಹೇಳುತ್ತದೆ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಗ್ರಾಹಕನ ಕಡೆ ತಪ್ಪಿಲ್ಲದೆ ಹೊರಗಿನವರಿಂದ ಆದ ಕಳವನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ಪೂರ್ತಿ ರಕ್ಷಣೆ. ಗ್ರಾಹಕನೇ ವಿವರ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಅವನದ್ದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು. ಈ ಕೊನೆಯ ಸಾಲನ್ನು ಎರಡು ಸಲ ಓದಿ. ತಪ್ಪು ನಿಮ್ಮದೇ ಇದ್ದರೂ, ದೂರು ಕೊಟ್ಟ ಗಳಿಗೆಯಿಂದ ಹೊಣೆ ದಾಟುತ್ತದೆ. ಮಾವನ ಪ್ರಕರಣದಲ್ಲಿ "ಓಟಿಪಿ ಸರಿಯಾಗಿಯೇ ಹಾಕಲಾಗಿದೆ" ಎಂಬ ಉತ್ತರ ಬಂತು. ಎರಡೂ ಕಡಿತ ದೂರಿಗಿಂತ ಮೊದಲೇ ಆಗಿದ್ದವು. 46,000 ಹೋಯಿತು. ಮಗ ಎರಡು ತಿಂಗಳು ಕೈ ಬಿಗಿ ಹಿಡಿದು ಕಟ್ಟಿದ.

ಹಾಗಾದರೆ ಮಾಡಬೇಕಾದದ್ದು ಏನು? ಮೊದಲು ಕಾರ್ಡಿನ ಆ್ಯಪಿನಲ್ಲಿ, ಇಲ್ಲ ಕಾರ್ಡಿನ ಹಿಂದೆ ಬರೆದಿರುವ ನಂಬರಿಗೆ ಫೋನ್ ಮಾಡಿ ಕಾರ್ಡ್ ಬಂದ್ ಮಾಡಿಸುವುದು. ಗೂಗಲಿನಲ್ಲಿ ಹುಡುಕಿದ ನಂಬರಿಗೆ ಅಲ್ಲ. ಆಮೇಲೆ ತಡಮಾಡದೆ 1930. ಇದು ದೇಶಕ್ಕೆಲ್ಲ ಒಂದೇ ಸಹಾಯವಾಣಿ. ಹಣ ಯಾವ ಖಾತೆಗೆ ಹೋಗಿದೆಯೋ ಅಲ್ಲಿಂದ ಮುಂದೆ ಜಾರುವ ಮೊದಲು ತಡೆಹಿಡಿಯಲು ಬ್ಯಾಂಕುಗಳಿಗೆ ಸುದ್ದಿ ಹೋಗುವುದು ಈ ದಾರಿಯಿಂದ. ಯಾವ ತಾಸಿಗೆ ಎಷ್ಟು ಹೋಯಿತು, ವಹಿವಾಟಿನ ಸಂಖ್ಯೆ ಏನು ಅನ್ನುವುದು ಕೈಯಲ್ಲಿರಲಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ಹಾಕಬಹುದು, ಬೀದರಿನ ಸಿಇಎನ್ ಠಾಣೆಗೂ ಹೋಗಬಹುದು. ಕಾರ್ಡ್ ಕಂಪನಿ ಮೂವತ್ತು ದಿನದಲ್ಲಿ ಉತ್ತರ ಕೊಡದಿದ್ದರೆ, ಇಲ್ಲ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ದೂರಿಗೆ ಶುಲ್ಕವಿಲ್ಲ, ವಿಚಾರಿಸಲು 14448. ಎಪಿಕೆ ಕೂತ ಫೋನಿನ ನೆಟ್ ಬಂದ್ ಮಾಡಿ, ಇವನ್ನೆಲ್ಲ ಬೇರೆ ಫೋನಿನಿಂದ ಮಾಡಿ. ಇದು ಬಹಳ ಮಂದಿಗೆ ಹೊಳೆಯುವುದೇ ಇಲ್ಲ.

ಈ ಪಾಯಿಂಟಿನ ಮೆಸೇಜು ಮಾವನಿಗೆ ಮಾತ್ರ ಬಂದದ್ದಲ್ಲ. 2024ರಲ್ಲಿ ಎಸ್‌ಬಿಐ ತಾನೇ ಎಚ್ಚರಿಸಿತ್ತು, ಪಾಯಿಂಟಿನ ಹೆಸರಲ್ಲಿ ನಾವು ಎಸ್‌ಎಂಎಸ್ ಅಥವಾ ವಾಟ್ಸಾಪಿನಲ್ಲಿ ಲಿಂಕು, ಎಪಿಕೆ ಕಳಿಸುವುದಿಲ್ಲ ಅಂತ. ಅದಕ್ಕೂ ಒಂದು ವರ್ಷ ಮೊದಲು, 2023ರಲ್ಲಿ, ಐಆರ್‌ಸಿಟಿಸಿ ತನ್ನ ಹೆಸರಿನ ನಕಲಿ ಎಪಿಕೆ ಓಡಾಡುತ್ತಿದೆ ಅಂತ ಹೇಳಿತ್ತು. ಅಸಲಿ ಆ್ಯಪುಗಳು ಎರಡು: ಐಆರ್‌ಸಿಟಿಸಿ ರೈಲ್ ಕನೆಕ್ಟ್, ಮತ್ತು 2025ರ ಜುಲೈ 1ರಂದು ಬಂದ ರೈಲ್‌ಒನ್. ಎರಡೂ ಪ್ಲೇ ಸ್ಟೋರ್, ಆ್ಯಪ್ ಸ್ಟೋರಿನಲ್ಲಿ ಸಿಗುತ್ತವೆ, ವಾಟ್ಸಾಪಿನಲ್ಲಿ ಬರುವುದಿಲ್ಲ.

ರೈಲು ಹತ್ತುವವರಿಗೆ ಬೀಳುವ ಇನ್ನೊಂದು ಬಲೆ ರಿಫಂಡ್. ತತ್ಕಾಲ್ ಹೊತ್ತಿನಲ್ಲಿ ಹಣ ಕಟ್ ಆಗುತ್ತದೆ, ಟಿಕೆಟ್ ಬರುವುದಿಲ್ಲ. ಜೀವ ಡವಡವ. ಸಿಟ್ಟಿಗೆ ಪಿಎನ್ಆರ್, ಫೋನ್ ನಂಬರ್ ಸಹಿತ ಎಕ್ಸ್‌ನಲ್ಲಿ ದೂರು ಬರೆಯುತ್ತಾರೆ. ಐದು ನಿಮಿಷದಲ್ಲಿ "ಸರ್, ರೈಲ್ವೆಯಿಂದ ಮಾತಾಡ್ತಿದೀವಿ, ರಿಫಂಡಿಗೆ ಈ ಲಿಂಕ್" ಅಂತ ಫೋನು. ಕಳ್ಳರು ಅಲ್ಲೇ ಕಾದಿರುತ್ತಾರೆ. ರಿಫಂಡು ಯಾರೂ ಫೋನ್ ಮಾಡಿ ಕೊಡುವ ವಸ್ತು ಅಲ್ಲ. ಹಣ ಕಟ್ಟಿದ ಕಾರ್ಡಿಗೇ, ಖಾತೆಗೇ ತಾನಾಗಿ ವಾಪಸ್ ಬರುತ್ತದೆ. ಆನ್‌ಲೈನಿನಲ್ಲಿ ಕಾರ್ಡಿನಿಂದ ಹಣ ಹೋಗಿ ಮಾರುವವನಿಗೆ ಖಾತ್ರಿ ತಲುಪದಿದ್ದರೆ, ವಹಿವಾಟಿನ ದಿನ ಬಿಟ್ಟು ಐದು ದಿನದೊಳಗೆ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ನಿಯಮ. ಕೇಳುವುದೇ ಇದ್ದರೆ ಐಆರ್‌ಸಿಟಿಸಿಯ 14646ಕ್ಕೆ ನೀವೇ ಫೋನ್ ಮಾಡಿ.

ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು 2022ರ ಸೆಪ್ಟೆಂಬರಿನಿಂದ ಬರುತ್ತದೆ. ಗಾಂಧಿ ಗಂಜಿನ ಅಂಗಡಿಯ ಕ್ಯೂಆರ್‌ಗೂ ಕಾರ್ಡಿನಿಂದಲೇ ಕೊಡಬಹುದು. ಅನುಕೂಲ ಹೌದು. ಆದರೆ ಮೊದಲು ಪಿನ್ ಹೋದರೆ ಖಾತೆಯಲ್ಲಿದ್ದಷ್ಟೇ ಹೋಗುತ್ತಿತ್ತು, ಈಗ ಸಾಲದ ಮಿತಿಯಷ್ಟೂ ಹೋಗಬಹುದು. ಹಣ ಬರಬೇಕಾದಾಗ ಪಿನ್ ಒತ್ತುವ ಕೆಲಸವೇ ಇಲ್ಲ ಅನ್ನುವುದನ್ನು ಮನೆಯ ಹಿರಿಯರಿಗೆ ಮಾಡಿ ತೋರಿಸಿ. ಹೇಳಿದರೆ ಸಾಲದು. ನೀವು ಅವರಿಗೆ ಒಂದು ರೂಪಾಯಿ ಕಳಿಸಿ, ಪಿನ್ ಕೇಳದೆಯೇ ಬಂತಲ್ಲ ಅಂತ ಅವರ ಕಣ್ಣಿಂದಲೇ ನೋಡಲಿ.

ಕಾರ್ಡಿನ ಆ್ಯಪು ತೆರೆದು ಇವತ್ತೇ ಎರಡು ನಿಮಿಷ ಕೊಡಿ. 2020ರ ಅಕ್ಟೋಬರ್ 1ರಿಂದ ಪ್ರತಿ ಕಾರ್ಡಿಗೂ ಆನ್‌ಲೈನ್, ವಿದೇಶಿ, ಟ್ಯಾಪ್ ಮಾಡುವ ಬಳಕೆಗೆ ಬೇರೆ ಬೇರೆ ಸ್ವಿಚ್ ಇದೆ, ಮಿತಿ ಹಾಕಲೂ ಬರುತ್ತದೆ. ವಿದೇಶಿ ಬಳಕೆ ಬಂದ್. ಟ್ಯಾಪ್ ಬಂದ್ ಮಾಡಿದರೂ ನಷ್ಟವಿಲ್ಲ, ಪಿನ್ ಇಲ್ಲದೆ 5,000ದತನಕ ಹೋಗುವುದು ಅದರಲ್ಲೇ. ಆನ್‌ಲೈನ್ ಮಿತಿ ನಿಮ್ಮ ಅತಿ ದೊಡ್ಡ ಟಿಕೆಟ್ ಖರ್ಚಿನಷ್ಟೇ ಇರಲಿ. ಮಾವನ ಕಾರ್ಡಿಗೆ ಹತ್ತು ಸಾವಿರದ ಮಿತಿ ಇದ್ದಿದ್ದರೆ ಆ ಎರಡು ಕಡಿತಗಳಲ್ಲಿ ಒಂದೂ ದಾಟುತ್ತಿರಲಿಲ್ಲ. ಇನ್ನು, 2022ರ ಅಕ್ಟೋಬರಿನಿಂದ ತಾಣಗಳು ನಿಮ್ಮ ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ, ಬದಲಿಗೆ ಟೋಕನ್ ಇಡುತ್ತವೆ. ಹಾಗಾಗಿ ತಾಣ ಅಸಲಿಯಾಗಿದ್ದರೆ ಕಾರ್ಡ್ ಉಳಿಸಲು ಹಿಂಜರಿಯಬೇಕಿಲ್ಲ. ಬ್ಯಾಂಕುಗಳ ತಾಣಗಳು ಈಗ ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ ವಿಳಾಸಕ್ಕೆ ಬಂದಿವೆ, ಅದು ಬೇರೆಯವರಿಗೆ ಸಿಗದ ವಿಳಾಸ. ಬ್ಯಾಂಕ್ ಅಲ್ಲದ ಕಾರ್ಡ್ ಕಂಪನಿಗಳದ್ದು ಬೇರೆ ಇರುತ್ತದೆ, ಕಾರ್ಡಿನ ಜೊತೆ ಬಂದ ಕಾಗದದಲ್ಲಿ ನೋಡಿಕೊಳ್ಳಿ.

ಮಾವನ ಮಗ ಆಮೇಲೆ ಒಂದು ಕೆಲಸ ಮಾಡಿದ, ನನಗೆ ಹಿಡಿಸಿತು. ಮೊದಲ ದಿನ ಫೋನಿನಲ್ಲಿ "ಅಪ್ಪಾ, ಎಷ್ಟ್ ಸರ್ತಿ ಹೇಳೀನಿ ನಿನಗ" ಅಂತ ರೇಗಿದ್ದ. ಅತ್ತೆ ಫೋನ್ ಕಸಿದುಕೊಂಡು, "ಹಿಂಗ ಒದರ್ತಿ ಅಂತೇ ಅವರು ಹೇಳಿಲ್ಲ ನೋಡಪಾ" ಅಂದರಂತೆ. ಈಗ ಆ ಮನೆಯಲ್ಲಿ ಹೊಸ ಕರಾರು. ಯಾವ ಮೆಸೇಜು ಬಂದರೂ ಮಾವ ಅದರ ಫೋಟೊ ತೆಗೆದು ಮಗನಿಗೆ ಕಳಿಸುತ್ತಾರೆ. ಮಗ ಆಫೀಸಿನ ಮೀಟಿಂಗಿನಲ್ಲಿದ್ದರೂ "ಒತ್ತಬ್ಯಾಡ" ಅಥವಾ "ಸರಿ ಅದ" ಅಂತ ಉತ್ತರ ಕೊಡಬೇಕು. ರೇಗುವಂತಿಲ್ಲ. ಹೋದ ತಿಂಗಳು ಹದಿನಾಲ್ಕು ಫೋಟೊ ಬಂದಿದ್ದವಂತೆ. ಅದರಲ್ಲಿ ಮೂರು ಕಳ್ಳರವು, ಉಳಿದವು ಗ್ಯಾಸ್ ಸಿಲಿಂಡರು, ಕರೆಂಟ್ ಬಿಲ್ಲು.

ಭಾಲ್ಕಿಯ ಓದುಗರಿಗೆ ಕೊನೆಯದಾಗಿ. ನೀವು ವರ್ಷಕ್ಕೆ ನಾಲ್ಕೈದು ಸಲ ಎಸಿಯಲ್ಲೇ ಬರುವವರಾದರೆ, ಬಿಲ್ ಪೂರ್ತಿ ಕಟ್ಟುವ ರೂಢಿ ಇದ್ದರೆ, ಕಾರ್ಡ್ ತಗೊಳ್ಳಿ. ಒಬ್ಬರೇ ಓಡಾಡುವುದಾದರೆ ಲಾಭ ಕಮ್ಮಿ: ಐದು ಸಲ ಹೋಗಿ ಬಂದರೆ ಹತ್ತು ಟಿಕೆಟ್, ಸಾವಿರ ಪಾಯಿಂಟು, ಶುಲ್ಕ ಕಳೆದು ಮೊದಲ ವರ್ಷ 410. ನವೆಂಬರ್ 2024ರಿಂದ ಮುಂಗಡ ಬುಕಿಂಗ್ ಅರವತ್ತು ದಿನಕ್ಕಿಳಿದಿದೆ, ಹಬ್ಬದ ಟಿಕೆಟಿಗೆ ಆ ದಿನ ಬೆಳಿಗ್ಗೆಯೇ ಕೂಡಬೇಕು. 2025ರ ಜುಲೈನಿಂದ ಆನ್‌ಲೈನ್ ತತ್ಕಾಲಿಗೆ ಆಧಾರ್ ಜೋಡಣೆ ಕಡ್ಡಾಯ, ಮೊದಲೇ ಮಾಡಿಟ್ಟುಕೊಳ್ಳಿ. ಒಂದು ವರ್ಷ ನೋಡಿ ಹೊಂದಲಿಲ್ಲ ಅನಿಸಿದರೆ ಬಾಕಿ ಕಟ್ಟಿ ಮುಚ್ಚಲು ಬರೆಯಿರಿ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ಇಲ್ಲವಾದರೆ ಆಮೇಲಿನ ಪ್ರತಿ ದಿನಕ್ಕೆ ಅವರೇ ನಿಮಗೆ 500 ರೂಪಾಯಿ ಕೊಡಬೇಕು. ಮುಚ್ಚುವ ಮೊದಲು ಉಳಿದ ಪಾಯಿಂಟಿನಲ್ಲಿ ಅಪ್ಪ-ಅವ್ವನಿಗೆ ಟಿಕೆಟ್ ತೆಗೆದುಬಿಡಿ.